ಕೊನೆಯಿಲ್ಲದ ಕ್ಯಾಲೆಂಡರ್

ಜೂನ್ ೨, ಸೋಮವಾರ

ಹಲ್ಲುಜ್ಜುವ ಮೊದಲೇ ಕೆಳಗಿನಿಂದ ಅಕ್ಕನ ಕೂಗು. "ಏ ಗೂಬೆ, ಸೈಟು ಸತ್ತಿದೆ, ಬಂದು ನೋಡು." ನಲವತ್ತೆಂಟು ವರ್ಷದವನನ್ನು ಗೂಬೆ ಎಂದು ಕರೆಯುವ ಹಕ್ಕು ಪ್ರಪಂಚದಲ್ಲಿ ಅವಳೊಬ್ಬಳಿಗೇ ಇರುವುದು. ಅದನ್ನು ಒಂದು ದಿನವೂ ಬಳಸದೆ ಬಿಟ್ಟವಳಲ್ಲ.

ಸತ್ತಿರಲಿಲ್ಲ, ಉಸಿರು ಕಟ್ಟಿತ್ತು. ಅವಳ ಡ್ರೈವಿಂಗ್ ಶಾಲೆಯ ವೆಬ್‌ಸೈಟು ತೆರೆದರೆ ಬಿಳಿ ಪರದೆಯ ಮೇಲೆ ಒಂದೇ ಸಾಲು: ಸಂಪನ್ಮೂಲದ ಮಿತಿ ಮೀರಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ನನ್ನ ಮೇಲ್‌ನಲ್ಲಿ ಹೋಸ್ಟಿಂಗ್ ಕಂಪನಿಯವರ ನೋಟಿಸು. ನಿಮ್ಮ ಸೈಟು ಸರ್ವರಿನ ಮೇಲೆ ವಿಪರೀತ ಭಾರ ಹಾಕುತ್ತಿದೆ, ಅದೇ ಸರ್ವರಿನಲ್ಲಿರುವ ಬೇರೆ ಸೈಟುಗಳಿಗೆ ತೊಂದರೆ, ಇದು ಮೊದಲ ಎಚ್ಚರಿಕೆ. ಮೂರನೆಯದಕ್ಕೆ ಖಾತೆ ಮುಚ್ಚುತ್ತಾರಂತೆ.

ಅಕ್ಕನಿಗೆ ಬಿಡಿಸಿ ಹೇಳಿದೆ. "ಒಂದೇ ನಲ್ಲಿ ಇರೋ ವಠಾರ ಅಂದ್ಕೋ. ನಮ್ಮಂಥ ನೂರಾರು ಸೈಟು ಒಂದೇ ಸರ್ವರಲ್ಲಿ ಬಾಡಿಗೆಗಿದಾವೆ. ನಾವು ನಲ್ಲಿ ತಿರುಗಿಸಿಟ್ಟು ಮಲಗಿದೀವಿ ಅಂತ ಮನೆ ಓನರ್ ಬೈತಿದಾನೆ."

"ದಿನಕ್ಕೆ ನಾಲ್ಕು ಜನ ಬಂದು ಪಾಠ ಬುಕ್ ಮಾಡಿದ್ರೆ ಹೆಚ್ಚು," ಎಂದಳು. "ನಾಲ್ಕು ಜನ ನೀರು ಕುಡಿದ್ರೆ ನಲ್ಲಿ ಬತ್ತಿಹೋಗುತ್ತಾ?"

ಅವಳು ಕೇಳಿದ್ದು ಸರಿಯೇ.

ಸೈಟು ಮುಚ್ಚಿದರೆ ಶಾಲೆಯೂ ಮುಚ್ಚಿದಂತೆ. ಬೇರೆ ಶಾಲೆಯವರು ಧೈರ್ಯ ಇದ್ದವರಿಗೆ ಕಲಿಸುತ್ತಾರೆ. ಅಕ್ಕ ಕಲಿಸುವುದು ಪುಕ್ಕಲರಿಗೆ. ನಲವತ್ತು ದಾಟಿದವರು, ಸ್ಟೇರಿಂಗ್ ಮುಟ್ಟಿದರೆ ಬೆವರುವವರು, ಗಂಡನ ಹತ್ತಿರ ಬೈಸಿಕೊಂಡು ಅರ್ಧಕ್ಕೆ ಬಿಟ್ಟವರು. ಫೋನ್ ಮಾಡಿ ಕೇಳುವುದಕ್ಕೂ ಅಂಜುವ ಜನ. ಯಾರಿಗೂ ಕಾಣದಂತೆ ಸೈಟಿಗೆ ಬಂದು, ಕ್ಯಾಲೆಂಡರಿನಲ್ಲಿ ಒಂದು ತಾರೀಖು ಒತ್ತಿ, ಓಡಿಹೋಗುತ್ತಾರೆ. ಆ ಕ್ಯಾಲೆಂಡರ್ ಕಟ್ಟಿಕೊಟ್ಟವನು ನಾನು. ಭಾವ ತೀರಿಕೊಂಡ ಮೇಲೆ ಅಕ್ಕ ಈ ಶಾಲೆ ಶುರು ಮಾಡಿದಳು, ನಾನು ಮಹಡಿಯ ಕೋಣೆಗೆ ಬಂದೆ. ಬಾಡಿಗೆ ಕೊಡಬೇಡ, ಸೈಟು ನೋಡಿಕೋ ಅಂದಿದ್ದಳು. ಅಂದಿನಿಂದ ನೋಡಿಕೊಳ್ಳುತ್ತಲೇ ಇದ್ದೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ಅವಳ ಶಿಷ್ಯಂದಿರು ನಗುತ್ತಾರೆ, ನಗಲಿ.

ಜೂನ್ ೪, ಬುಧವಾರ

ಸೈಟಿಗೆ ಸೇರಿಸಿದ ಪುಟ್ಟ ಪ್ರೋಗ್ರಾಂಗಳನ್ನು, ಅಂದರೆ ಪ್ಲಗಿನ್‌ಗಳನ್ನು, ಒಂದೊಂದಾಗಿ ಆಫ್ ಮಾಡಿ ನೋಡಿದೆ. ಮುಖಪುಟದಲ್ಲಿ ಕಾರಿನ ಫೋಟೋ ಒಂದು ಮಣಭಾರ ಇತ್ತು, ಕುಗ್ಗಿಸಿದೆ. ಹಳೆಯ ಕಾಮೆಂಟುಗಳ ಕಸ ಗುಡಿಸಿದೆ. ಸರ್ವರಿನ ಭಾರ ತೋರಿಸುವ ಗೆರೆ ಸ್ವಲ್ಪ ಇಳಿಯಿತು. ಊಟ ಮಾಡಿ ಬಂದು ನೋಡಿದರೆ ಮತ್ತೆ ಮೇಲೆ. ಬೆಟ್ಟ ಅಗೆದು ಇಲಿ ಹಿಡಿದಂತೆ ಅನ್ನೋಣವೆಂದರೆ ಇಲಿಯೂ ಸಿಗಲಿಲ್ಲ.

ಇದರ ಮಧ್ಯೆ ಅಕ್ಕ ಕಾರಿನ ಕೀ ತಂದು ಕೀಬೋರ್ಡಿನ ಮೇಲಿಟ್ಟಳು. ಕಾರಿಗೆ ಬಿಸಿಲು ಬಿದ್ದಿದೆ, ನೆರಳಿಗೆ ನಿಲ್ಲಿಸು ಅಂತ.

"ನನಗೆ ಬರಲ್ಲ ಅಂತ ಗೊತ್ತಲ್ಲ."

"ಗೇಟಿಂದ ಮರದ ತನಕ. ಕಾರಿಗೇನು ನಿನ್ನ ಮೇಲೆ ಹಗೆ ಇದೆಯಾ? ನನಗೆ ಮಂಡಿ ನೋವು."

ಎರಡು ಸಲ ಆಫ್ ಆಯಿತು. ಮೂರನೆಯ ಸಲ ಎಗರಿಕೊಂಡು ಹೋಗಿ ಮರದ ಹತ್ತಿರ ನಿಂತಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳ ಕೆಲಸವನ್ನೂ ನಾನೇ ಮಾಡುವುದಾದರೆ ನನ್ನ ಕೆಲಸ ಯಾರು ಮಾಡುತ್ತಾರೋ.

ಜೂನ್ ೫, ಗುರುವಾರ

ಬೆಳಿಗ್ಗೆ ಸೈಟು ನಿಂತಿತು. ಮಧ್ಯಾಹ್ನ ನಿಂತಿತು. ಬರೆಯುವುದಕ್ಕೂ ಬೇಜಾರು.

ಜೂನ್ ೯, ಸೋಮವಾರ

ಹೋಸ್ಟಿಂಗ್ ಕಂಪನಿಯ ಸಹಾಯವಾಣಿಯವನ ಜೊತೆ ಬೆಳಗಿನಿಂದ ಚಾಟ್. ತುಂಬ ವಿನಯದ ಮನುಷ್ಯ. ಬೈದರೂ ಧನ್ಯವಾದ ಹೇಳುತ್ತಾನೆ. ದಯವಿಟ್ಟು ನಿಮ್ಮ ಪ್ಲಗಿನ್‌ಗಳನ್ನು ಪರಿಶೀಲಿಸಿ ಅಂದ. ಪರಿಶೀಲಿಸಿದೆ ಅಂದೆ. ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ ಅಂದ. ಹಾಗಾದರೆ ದೊಡ್ಡ ಪ್ಲಾನಿಗೆ ಬನ್ನಿ ಅಂದ. ನಲ್ಲಿ ಸೋರುವುದು ಯಾಕೆ ಎಂದು ಕೇಳಿದರೆ ದೊಡ್ಡ ಟ್ಯಾಂಕು ಕಟ್ಟಿಸಿ ಅನ್ನುವವನಿಗೆ ಏನು ಹೇಳಲಿ? ಕೋಣನ ಮುಂದೆ ಕಿನ್ನರಿ ಬಾರಿಸಿ ನನ್ನ ಬೆರಳಿಗೆ ನೋವು ಬಂತು ಅಷ್ಟೇ.

ಆಮೇಲೆ ಅಕ್ಕನ ಮೇಲೆ ಅನುಮಾನ ಬಂತು. ಫೋನಿನಲ್ಲಿ ಬುಕಿಂಗ್ ಪಟ್ಟಿ ಇರುವ ಸೈಟಿನ ಒಳಪುಟ ತೆರೆದಿಟ್ಟರೆ ಅದು ಸರ್ವರನ್ನು ಸುಮ್ಮಸುಮ್ಮನೆ ತಟ್ಟುತ್ತಲೇ ಇರುತ್ತದೆ. ಕೆಳಗೆ ಹೋದೆ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂತಿದ್ದಳು. ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿದ್ದಳೆಂದರೆ ಪರದೆಯಲ್ಲಿ ಒಂದು ಸಲಕ್ಕೆ ಒಬ್ಬರ ಹೆಸರು ಮಾತ್ರ ಹಿಡಿಸುತ್ತಿತ್ತು. ಪಕ್ಕದಲ್ಲೇ ನಿಂತು ಎರಡು ಸಲ ಕರೆದೆ. ಕಣ್ಣೆತ್ತಿ ನೋಡಲಿಲ್ಲ. ಮೂರನೆಯ ಸಲಕ್ಕೆ ಬೆಚ್ಚಿಬಿದ್ದಳು.

"ಕೆಮ್ಮಿಕೊಂಡು ಬರೋಕೆ ಆಗಲ್ವಾ?"

"ಮುಂದೇನೇ ನಿಂತಿದೀನಿ."

"ಪಕ್ಕದಲ್ಲಿ ನಿಂತಿದೀಯ," ಅಂದಳು. ನನ್ನ ಮೇಲೆ ಏನೋ ಕೋಪ ಇರಬೇಕು. ಒಳಪುಟ ಮುಚ್ಚಿಸಿದೆ. ಭಾರ ಇಳಿಯಲಿಲ್ಲ.

ಜೂನ್ ೧೪, ಶನಿವಾರ

ಕ್ಯಾಶ್ ಹಾಕಿದೆ. ಒಮ್ಮೆ ತಯಾರಾದ ಪುಟವನ್ನು ಎತ್ತಿಟ್ಟುಕೊಂಡು, ಮುಂದೆ ಕೇಳಿದವರಿಗೆಲ್ಲ ಅದನ್ನೇ ಕೊಡುವ ಏರ್ಪಾಡು. "ಬೆಳಗಿನ ಅಡುಗೆನೇ ಬಿಸಿ ಮಾಡಿ ಬಡಿಸೋದು," ಅಂದಳು ಅಕ್ಕ. ಹೌದು, ಅದೇ. ಯಾವ ಸೈಟಿಗಾದರೂ ಇದರಿಂದ ಅರ್ಧ ಭಾರ ಇಳಿಯುತ್ತದೆ. ನಮ್ಮದಕ್ಕೆ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಂದರೆ ಕೇಳುವವರು ಪ್ರತಿ ಸಲವೂ ಹೊಸ ಪುಟವನ್ನೇ ಕೇಳುತ್ತಿದ್ದಾರೆ. ನಮ್ಮ ಸೈಟಿನಲ್ಲಿ ಇರುವುದೇ ಐದಾರು ಪುಟ. ತಲೆ ಚಿಟ್ಟು ಹಿಡಿಯಿತು.

ಕಂಪನಿಯವನಿಗೆ ಪೂರ್ತಿ ಲಾಗ್ ಕೊಡು ಎಂದು ಬರೆದೆ. ಯಾರು, ಯಾವಾಗ, ಯಾವ ಪುಟ ಕೇಳಿದರು ಎಂಬುದರ ಪೂರ್ತಿ ದಾಖಲೆ. ನಮ್ಮಂಥ ಸಣ್ಣ ಬಾಡಿಗೆದಾರರಿಗೆ ಅದನ್ನು ತೆರೆದಿಡುವುದಿಲ್ಲವಂತೆ. ಮೇಲಿನವರನ್ನು ಕೇಳಿ ಹೇಳುತ್ತೇನೆ, ಧನ್ಯವಾದ ಅಂದ.

ಸಂಜೆ ತರಕಾರಿಗೆ ಹೋಗಬೇಕಾಯಿತು. ಅಕ್ಕ ಪಕ್ಕದಲ್ಲಿ ಕೂತಳು, ನನ್ನನ್ನು ಸ್ಟೇರಿಂಗಿಗೆ ಕೂರಿಸಿದಳು. ಮೊನ್ನೆಯೇ ನನ್ನ ಕೈಯಲ್ಲಿ ಅರ್ಜಿ ಹಾಕಿಸಿ ಕಲಿಕೆಯ ಲೈಸೆನ್ಸ್ ಮಾಡಿಸಿದ್ದಾಳೆ. ಬೇಡ ಅಂದರೆ ಮಂಡಿ ನೋವಿನ ಮಾತು ತೆಗೆಯುತ್ತಾಳೆ. ಮಾರ್ಕೆಟ್ಟಿನವರೆಗೆ ಎರಡನೇ ಗೇರಿನಲ್ಲೇ ಹೋದೆ. ಹಿಂದಿನವರು ಹಾರ್ನ್ ಹೊಡೆದರೆ, "ಅವರಿಗೆ ಹಾರ್ನ್ ಇದೆ, ಹೊಡೀತಾರೆ. ನಿನಗೆ ರಸ್ತೆ ಇದೆ, ಹೋಗು," ಅಂದಳು. ವಾಪಸು ಬರುವಾಗ ಕಾರಿನ ಹಿಂಬದಿ ಗೇಟಿಗೆ ಉಜ್ಜಿತು. ಬೈಯಲಿಲ್ಲ. ಅದೇ ಆಶ್ಚರ್ಯ.

ಜೂನ್ ೧೭, ಮಂಗಳವಾರ

ಎರಡನೇ ನೋಟಿಸು. ಇನ್ನೊಂದು ಬಂದರೆ ಮುಗಿಯಿತು.

ಓದಿ ತಲೆ ಕೆಟ್ಟು ಕ್ಯಾಲೆಂಡರ್ ತೆರೆದರೆ, ಸಂಜೆಯ ಪಾಠಗಳನ್ನೆಲ್ಲ ಅಕ್ಕ ಮುಚ್ಚಿಟ್ಟಿದ್ದಾಳೆ. ಈ ವಾರದ್ದಲ್ಲ, ಪೂರ್ತಿ. ಕೆಲಸಕ್ಕೆ ಹೋಗುವವರೆಲ್ಲ ಬರುವುದು ಸಂಜೆಗೇ. ಮೈ ಉರಿದುಹೋಯಿತು. ಕೆಳಗಿಳಿದು ಹೋಗಿ ಕೂಗಾಡಿದೆ. "ಸೈಟು ಉಳಿಸೋಕೆ ನಾನು ಇಲ್ಲಿ ಸಾಯ್ತಿದೀನಿ. ನೀನು ನೋಡಿದ್ರೆ ಒಳಗಿಂದ ನೀನೇ ಬಾಗಿಲು ಹಾಕ್ತಿದೀಯ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆ ಅಂದಂಗಾಯ್ತು."

"ನಾನು ಕೋಣ ಅಂತಾಯ್ತು," ಅಂದಳು.

"ಯಾಕೆ ಮುಚ್ಚಿದೆ ಹೇಳು."

ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. ಒರೆಸುವ ಬಟ್ಟೆಗಾಗಿ ಕೈಯಿಂದ ತಡಕಾಡಿದಳು. ಬಟ್ಟೆ ಅವಳ ಮೊಣಕೈ ಪಕ್ಕದಲ್ಲೇ ಇತ್ತು.

"ನಾಳೆ ನನ್ನ ಜೊತೆ ಕಣ್ಣಾಸ್ಪತ್ರೆಗೆ ಬಾ," ಅಂದಳು. "ಮಂಡಿ ಚೆನ್ನಾಗೇ ಇದೆ."

ಜೂನ್ ೧೮, ಬುಧವಾರ

ಟ್ಯಾಕ್ಸಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅಕ್ಕ ಟ್ಯಾಕ್ಸಿಯವನ ಗೇರು ಬದಲಾವಣೆಯ ತಪ್ಪು ಹಿಡಿಯುತ್ತಿದ್ದಳು, ಅದೂ ಬರೀ ಸದ್ದು ಕೇಳಿ.

ಡಾಕ್ಟರು ಅಕ್ಕನನ್ನು ಒಂದು ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿದರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಹೊಳೆಯುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನನಗೆ ಪಕ್ಕದ ಪರದೆಯಲ್ಲಿ ಚುಕ್ಕಿಗಳು ಕಾಣುತ್ತಿದ್ದವು. ಬಂತು, ಹೋಯಿತು. ಬಂತು, ಹೋಯಿತು. ಅವಳ ಹೆಬ್ಬೆರಳು ಸುಮ್ಮನೆ ಕೂತಿತ್ತು. ಒತ್ತೇ, ಒತ್ತೇ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ.

ಗ್ಲಾಕೋಮಾ. ಅವಳಿಗೆ ಹಿಂದೆಯೇ ಗೊತ್ತಿತ್ತು, ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದಾಳೆ. ನೇರ ಇರುವುದು ಕಾಣುತ್ತದೆ, ಬದಿಯಿಂದ ಬರುವುದು ಕಾಣುವುದಿಲ್ಲ. ಬೀಗದ ಕಿಂಡಿಯಲ್ಲಿ ನೋಡಿದ ಹಾಗೆ. ಕಿಂಡಿ ಇನ್ನೂ ಸಣ್ಣದಾಗುತ್ತದೆ. ಹೋದದ್ದು ವಾಪಸು ಬರುವುದಿಲ್ಲ.

"ಕಾರು ಓಡಿಸೋದು ಇವತ್ತಿಗೇ ನಿಲ್ಲಿಸಿ," ಅಂದರು ಡಾಕ್ಟರು.

"ಓಡಿಸೋದು ಬಿಟ್ಟು ಬಹಳ ದಿನ ಆಯ್ತು ಡಾಕ್ಟ್ರೇ. ಕಲಿಸ್ತೀನಿ."

"ಪಕ್ಕದಲ್ಲಿ ಕೂರೋದಕ್ಕೂ ಬದಿ ಕಾಣಬೇಕಲ್ಲಮ್ಮ."

"ಬೆಳಿಗ್ಗೆ ಹೊತ್ತು, ಖಾಲಿ ಮೈದಾನ. ಅಲ್ಲಿ ನಾಯೀನೂ ಇರಲ್ಲ."

ಡಾಕ್ಟರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಮೈದಾನ ಬಿಟ್ಟು ಬೇರೆಲ್ಲೂ ಬೇಡ. ಅದಕ್ಕೂ ಒಂದು ಕೊನೆ ದಿನ ನೀವೇ ಇಟ್ಕೊಳ್ಳಿ. ನಾನು ಹೇಳೋ ತನಕ ಕಾಯ್ಬೇಡಿ."

ಹೊರಗೆ ಬಂದು ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದಳು. ಇದಕ್ಕೆ ಮೊದಲು ಅವಳು ನನ್ನ ತೋಳು ಹಿಡಿದದ್ದು ಯಾವಾಗ ಎಂದು ನೆನಪಿಲ್ಲ. ನನಗೆ ಅಳು ಬಂತು. ಅವಳಿಗೆ ಕಾಣಲಿಲ್ಲ, ನಾನು ಬದಿಯಲ್ಲಿದ್ದೆ.

ಜೂನ್ ೨೩, ಸೋಮವಾರ

ಲಾಗ್ ಬಂತು. ಇಷ್ಟು ದಿನ ಇದೇ ಬೇಕೆಂದು ಬಡಿದಾಡಿದ್ದೆ, ಈಗ ತೆರೆಯಲು ಮನಸ್ಸಿಲ್ಲ. ಮಧ್ಯಾಹ್ನ ತೆರೆದೆ.

ಜನರಲ್ಲ, ಬಾಟ್‌ಗಳು. ಜಾಲದಲ್ಲಿ ಲಿಂಕು ಕಂಡಲ್ಲೆಲ್ಲ ಹೋಗಿ, ಓದಿ, ಮುಂದಿನ ಲಿಂಕು ಹಿಡಿದು ಹೋಗುವ ಪ್ರೋಗ್ರಾಂಗಳು. ಅವಕ್ಕೆ ಹಸಿವೂ ತೀರುವುದಿಲ್ಲ, ನಿದ್ದೆಯೂ ಇಲ್ಲ. ಈ ವರ್ಷ ಅವುಗಳ ಹೊಸ ಹೊಟ್ಟೆಬಾಕ ತಳಿ ಹುಟ್ಟಿಕೊಂಡಿದೆ. ನಮ್ಮ ಕ್ಯಾಲೆಂಡರಿನ ಕೆಳಗೆ 'ಮುಂದಿನ ತಿಂಗಳು' ಎಂಬ ಬಾಣವಿದೆ. ಬಾಟ್ ಅದನ್ನು ಒತ್ತುತ್ತದೆ. ಮುಂದಿನ ತಿಂಗಳು ತೆರೆದುಕೊಳ್ಳುತ್ತದೆ, ಅದರ ಕೆಳಗೂ ಅದೇ ಬಾಣ. ಅದನ್ನೂ ಒತ್ತುತ್ತದೆ. ಪ್ರತಿ ತಿಂಗಳೂ ಹೊಸ ಪುಟ, ಪ್ರತಿ ಪುಟಕ್ಕೂ ಸರ್ವರ್ ಪಾಪ ಕೂತು ಖಾಲಿ ದಿನ ಲೆಕ್ಕ ಹಾಕಿ ಕೊಡುತ್ತದೆ. ಇದೇ ನಮ್ಮ ತೆರೆದಿಟ್ಟ ನಲ್ಲಿ.

ಒಂದು ಬಾಟ್ ೪೮೧೭ನೇ ಇಸವಿಯ ನವೆಂಬರ್ ತಿಂಗಳಿನಲ್ಲಿತ್ತು. ಅದರ ಹಿಂದೆ ಹೋಗಿ ನಾನೂ ಆ ಪುಟ ತೆರೆದೆ. ಎಲ್ಲ ದಿನವೂ ಹಸಿರು. ನವೆಂಬರ್ ೧೨, ಬೆಳಿಗ್ಗೆ ಎಂಟು ಗಂಟೆ, ಖಾಲಿ ಇದೆ, ಬುಕ್ ಮಾಡಿ. ಕಲಿಸುವವರು ಅಂತ ಇರುವಲ್ಲಿ ಅಕ್ಕನ ಹೆಸರು. ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಕ್ಯಾಲೆಂಡರಿಗೆ ಕೊನೆ ಇಡದ ತಪ್ಪು ಯಾವ ಎಳೆ ಹುಡುಗನೂ ಮಾಡುವುದಿಲ್ಲ. ನಾನು ಮಾಡಿದ್ದು ಅಕ್ಕ ಹೇಳಿದ್ದಕ್ಕೆ. ಮೂರು ತಿಂಗಳಿಗೆ ನಿಲ್ಲಿಸುತ್ತೇನೆ ಅಂದಿದ್ದೆ. "ಬೇಡ," ಅಂದಿದ್ದಳು. "ಹೆದರೋರಿಗೆ ನಾಳೆ ಬನ್ನಿ ಅಂದ್ರೆ ಬರಲ್ಲ. ದೂರದ್ದೊಂದು ತಾರೀಖು ಹಾಕ್ಕೊಳ್ತಾರೆ. ಆ ತಾರೀಖು ಹತ್ರ ಬರ್ತಾ ಬರ್ತಾ ಧೈರ್ಯಾನೂ ಬರುತ್ತೆ. ಎಷ್ಟು ದೂರ ಬೇಕೋ ಅಷ್ಟು ದೂರ ಹೋಗೋ ಹಾಗಿರ್ಲಿ." ಅವಳ ಶಾಲೆಯ ಕಟ್ಟಳೆಯೇ ಅದು. ಧೈರ್ಯದ ತಾರೀಖು ಅಂತ ಹೆಸರಿಟ್ಟಿದ್ದಾಳೆ. ಎರಡು ವರ್ಷ ತಾರೀಖು ಮುಂದೂಡಿ, ಕೊನೆಗೆ ಬಂದು, ಈಗ ಮಗಳ ಮನೆಗೆ ತಾವೇ ಓಡಿಸಿಕೊಂಡು ಹೋಗುವವರಿದ್ದಾರೆ. ಪುಕ್ಕಲರಿಗೆ ಮಾಡಿದ ಉಪಕಾರವೇ ಈಗ ಕೊರಳಿಗೆ ಬಂದಿದೆ.

ಕೊನೆ ಇಟ್ಟರೆ ಮುಗಿಯಿತು. ಒಂದೇ ಒಂದು ಸೆಟ್ಟಿಂಗ್. ಅಕ್ಕನಿಗೆ ಹೇಳಲಿಲ್ಲ.

ಜೂನ್ ೨೪, ಮಂಗಳವಾರ

ಆ ಸೆಟ್ಟಿಂಗ್ ಮುಟ್ಟದೆ ಬೇರೆ ದಾರಿ ಹುಡುಕಿದೆ. ಬಾಟ್‌ಗಳಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕುವ ಫೈಲೊಂದಿದೆ, ಹಾಕಿದೆ. ಮರ್ಯಾದಸ್ಥ ಬಾಟ್‌ಗಳು ಓದಿ ವಾಪಸು ಹೋದವು. ಉಳಿದವು ಬೋರ್ಡಿನ ಪಕ್ಕದಲ್ಲೇ ನುಗ್ಗಿದವು. ಅವುಗಳ ವಿಳಾಸ ಹುಡುಕಿ ತಡೆದೆ. ವಿಳಾಸ ಬದಲಿಸಿಕೊಂಡು ಬಂದವು.

ಈಗ ದಿನಾ ಬೆಳಿಗ್ಗೆ ಕಾರನ್ನು ಮೈದಾನಕ್ಕೆ ಒಯ್ಯುವುದು ನಾನೇ. ಮುಚ್ಚಿದ ಗಿರಣಿಯೊಂದರ ಹಿಂದಿನ ಅಂಗಳ ಅದು. ಯಾರಾದರೂ ಒಯ್ಯಬೇಕಲ್ಲ. ದಾರಿಯ ನಡುವೆ ಒಂದು ದೊಡ್ಡ ವೃತ್ತ ಸಿಗುತ್ತದೆ, ಎಲ್ಲ ಕಡೆಯಿಂದಲೂ ಬಸ್ಸು. ಇವತ್ತು ಕಾರು ಒಂದು ಸಲವೂ ಆಫ್ ಆಗಲಿಲ್ಲ. ಸರ್ವರ್ ಮೂರು ಸಲ ಆಯಿತು.

ಜೂನ್ ೨೭, ಶುಕ್ರವಾರ

ಮೂರನೇ ನೋಟಿಸಿಗೆ ಇನ್ನು ದೂರವಿಲ್ಲ, ಸಹಾಯವಾಣಿಯ ವಿನಯವಂತ ಖುದ್ದಾಗಿ ಬರೆದಿದ್ದಾನೆ. ಸೆಟ್ಟಿಂಗ್ ತೆರೆದೆ. ಎರಡು ಆಯ್ಕೆ. ಒಂದು, ಇವತ್ತಿನಿಂದ ಇಷ್ಟು ತಿಂಗಳು ಎಂದು ಹೇಳುವುದು. ನಾಳೆಯಾದರೆ ಆ ಗಡಿಯೂ ಒಂದು ದಿನ ಮುಂದೆ ಸರಿಯುತ್ತದೆ. ಇನ್ನೊಂದು, ಕೊನೆಯ ತಾರೀಖು ಇದೇ ಎಂದು ಬರೆದುಬಿಡುವುದು.

ಮೊದಲನೆಯದನ್ನೇ ಒತ್ತಿದೆ. ಮೂರು ತಿಂಗಳು.

ಭಾರದ ಗೆರೆ ಕೆಳಗಿಳಿದು ನೆಲಕ್ಕೆ ಮಲಗಿತು. ಬಾಟ್‌ಗಳು ಬಂದವು, ಮೂರು ತಿಂಗಳ ಪುಟ ಓದಿದವು, ಬಾಗಿಲಿಲ್ಲವೆಂದು ಹೋದವು. ಗೆದ್ದೆ ಎಂದು ಕುಣಿಯಬೇಕಿತ್ತು. ಹಾಸಿಗೆಯ ಮೇಲೆ ಬಿದ್ದು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ.

ಜೂನ್ ೨೮, ಶನಿವಾರ

ಮೈದಾನದಿಂದ ಬಂದವಳೇ ಫೋನು ಹಿಡಿದು ಕೇಳಿದಳು. "ನಿನ್ನೆ ಸೆಪ್ಟೆಂಬರ್ ಇಪ್ಪತ್ತೇಳಕ್ಕೆ ನಿಂತಿತ್ತು. ಇವತ್ತು ಇಪ್ಪತ್ತೆಂಟಕ್ಕೆ ನಿಂತಿದೆ. ಏನೋ ಇದು?"

ಹೇಳಲೇಬೇಕಾಯಿತು. ಬಾಟು, ಬಾಣ, ನಾಲ್ಕು ಸಾವಿರದ ಚಿಲ್ಲರೆ ಇಸವಿ, ಎಲ್ಲ ಹೇಳಿದೆ. ಅಷ್ಟು ದೂರದ ಇಸವಿಯಲ್ಲೂ ತಾನು ಖಾಲಿ ಇದ್ದದ್ದು ಕೇಳಿ, "ಒಬ್ಬರೂ ಬುಕ್ ಮಾಡಿರ್ಲಿಲ್ವಾ? ಪುಕ್ಕಲರು ಯಾರೂ ಉಳಿದಿಲ್ಲ ಹಾಗಾದ್ರೆ," ಅಂದಳು. ಇಬ್ಬರೂ ನಕ್ಕೆವು.

"ಸರಿ, ಈಗ ಮೂರು ತಿಂಗಳು ಅಂತ ಹಾಕಿದೀಯ. ಅದು ಯಾವಾಗ ನಿಲ್ಲುತ್ತೆ?"

"ನಿಲ್ಲಲ್ಲ. ದಿನಾ ಒಂದು ದಿನ ಮುಂದೆ ಹೋಗ್ತಾ ಇರುತ್ತೆ."

"ಹಾಗಾದ್ರೆ ಮೊದಲಿಂದಕ್ಕೂ ಇದಕ್ಕೂ ಏನು ವ್ಯತ್ಯಾಸ?"

"ಸರ್ವರ್‌ಗೆ ಬಹಳ ವ್ಯತ್ಯಾಸ ಇದೆ."

"ನನಗೆ?"

ನಾನು ಗೋಡೆ ನೋಡಿದೆ.

"ಹೆದರೋ ಜನ ಕಣೋ," ಅಂದಳು. ದನಿ ಏರಿಸಲಿಲ್ಲ. ಶಿಷ್ಯರು ಕ್ಲಚ್ಚು ಬಿಟ್ಟಾಗ ಮಾತಾಡುವಂತೆ ಮೆತ್ತಗೆ. "ಜೀವ ಕೈಯಲ್ಲಿ ಹಿಡ್ಕೊಂಡು ಒಂದು ತಾರೀಖು ಒತ್ತಿರ್ತಾರೆ. ಆ ದಿನ ಬಂದು ನೋಡಿದ್ರೆ ನಾನೇ ಇಲ್ಲ ಅಂದ್ರೆ, ಅವರು ಜನ್ಮದಲ್ಲಿ ಮತ್ತೆ ಕಾರು ಹತ್ತಲ್ಲ. ಕೊಡೋಕಾಗದ ತಾರೀಖು ನನ್ನ ಹೆಸರಲ್ಲಿ ಯಾಕೆ ಇಟ್ಟಿದೀಯ?"

"ಡಾಕ್ಟ್ರು ಯಾವ ತಾರೀಖೂ ಹೇಳಿಲ್ವಲ್ಲ."

"ನನಗೇ ಇಡು ಅಂದಿದಾರೆ. ನೀನೂ ಇದ್ದೆ ಅಲ್ಲಿ."

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ಕೂತೆ. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಜುಲೈ ೧, ಮಂಗಳವಾರ

ಆಗಸ್ಟ್ ೩೦ ಅಂತೆ. ತಿಂಡಿ ತಿನ್ನುವಾಗ ಉಪ್ಪು ಕೇಳುವ ಹಾಗೆ ಹೇಳಿದಳು. ಯಾಕೆ ಅದೇ ತಾರೀಖು ಅಂದರೆ, ಆಮೇಲೆ ಬೆಳಿಗ್ಗೆ ಎಂಟರ ಬೆಳಕೂ ತನ್ನ ಕಣ್ಣಿಗೆ ಸಾಲುವುದಿಲ್ಲ ಅಂದಳು. ಇನ್ನೂ ಮುಂದಿಡು ಎಂದು ಗೋಗರೆದೆ. ಸೆಪ್ಟೆಂಬರ್ ಇರಲಿ, ಅರ್ಧ ಸೆಪ್ಟೆಂಬರ್ ಆದರೂ ಇರಲಿ. ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿದ ಹಾಗೆ ಮಾಡಿದೆ. ಅವಳು ಪೈಸೆ ಬಿಡಲಿಲ್ಲ.

ಆದರೆ ಬಾಗಿಲು ಹಾಕುವ ಮೊದಲು, ಆ ತಾರೀಖಿನ ಆಚೆ ಬುಕ್ ಮಾಡಿದವರನ್ನೆಲ್ಲ ಈಚೆಗೆ ಕರೆತರಬೇಕಂತೆ. ನಾನು ಫೋನ್ ನಂಬರು ಓದಿದೆ, ಅವಳು ಮಾತಾಡಿದಳು. ಕಣ್ಣಿನ ವಿಷಯ ಎಲ್ಲರಿಗೂ ನೇರವಾಗಿ ಹೇಳಿದಳು. ಒಬ್ಬರು ಅತ್ತರು. ಒಬ್ಬರು ಹಾಗಾದರೆ ಬೇಡ ಬಿಡಿ ಎಂದು ಖುಷಿಯಲ್ಲಿ ಫೋನಿಟ್ಟರು. ಅಕ್ಕ ಮತ್ತೆ ಮಾಡಿ ಬೈದಳು.

ಎಲ್ಲರಿಗಿಂತ ಆಚೆ ಇದ್ದವರು ಮುಂದಿನ ತಿಂಗಳಮ್ಮ. ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು, ಪ್ರತಿ ಸಲವೂ ಮುಂದಿನ ತಿಂಗಳು ಅನ್ನುವುದರಿಂದ ಅಕ್ಕ ಇಟ್ಟ ಹೆಸರು. ಬರುವ ವರ್ಷದ ಫೆಬ್ರವರಿಗೆ ಹಾಕಿದ್ದರು.

"ಶುಕ್ರವಾರ ಬನ್ನಿ," ಅಂದಳು ಅಕ್ಕ.

"ಅಯ್ಯೋ, ಈ ಶುಕ್ರವಾರಾನಾ? ನನಗೆ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ."

"ನಿಮ್ಮ ಮನಸ್ಸು ಗಟ್ಟಿಯಾಗೋ ಹೊತ್ತಿಗೆ ನನ್ನ ಕಣ್ಣು ಇರಲ್ಲ. ಹೆದರ್ಕೊಂಡ್ರೂ ಪರವಾಗಿಲ್ಲ, ಬನ್ನಿ."

ಎಷ್ಟು ಗಂಟೆಗೆ ಎಂದು ಕೇಳಿದರು.

ಜುಲೈ ೪, ಶುಕ್ರವಾರ

ಮುಂದಿನ ತಿಂಗಳಮ್ಮ ಬಂದರು. ಹಣೆಯ ಬೆವರು ಒರೆಸಲು ಟವೆಲ್ಲು ತಂದಿದ್ದರು. ಮೈದಾನ ಒಂದು ಸುತ್ತು ಹೊಡೆದು ಇಳಿದು, ನನ್ನ ಎರಡೂ ಕೈ ಹಿಡಿದು ಕುಲುಕಿದರು, ಕಲಿಸಿದವನು ನಾನೇ ಎಂಬಂತೆ. ಕಾರು ಹಿಂದಕ್ಕೆ ತೆಗೆಯುವುದು ಭಯ ಅಂದರು. ಕನ್ನಡಿ ನೋಡಿ ನಿಧಾನವಾಗಿ ತೆಗೆದರೆ ಏನೂ ಆಗುವುದಿಲ್ಲ ಎಂದೆ. ಬಾಯಿಗೆ ಬಂದದ್ದು ಹೇಳಿದೆ.

ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದಳು. ಯಾಕೆ ಅಂತ ಕೇಳಲಿಲ್ಲ.

ಜುಲೈ ೫, ಶನಿವಾರ

ಆಗಸ್ಟಿನ ಆಚೆ ಈಗ ಯಾರೂ ಇಲ್ಲ. ಬೆಳಿಗ್ಗೆ ಏಳಕ್ಕೇ ಅಕ್ಕ ಮಹಡಿ ಹತ್ತಿ ಬಂದಳು, ಗೋಡೆ ಸವರಿಕೊಂಡು. ತನ್ನ ಫೋನಿನಲ್ಲೇ ಮಾಡು, ತಾನು ನೋಡಬೇಕು ಅಂದಳು.

ಸೆಟ್ಟಿಂಗ್ ತೆರೆದೆ. ಎರಡನೆಯ ಆಯ್ಕೆ ಆರಿಸಿದೆ. ಆಗಸ್ಟ್ ೩೦ ಎಂದು ತುಂಬಿಸಿದೆ. ಪರದೆಯಲ್ಲಿ ಒಂದು ಪೆಟ್ಟಿಗೆ ಎದ್ದಿತು.

"ಏನು ಕೇಳ್ತಿದೆ?"

ಓದಿದೆ. "ಈ ತಾರೀಖಿನ ನಂತರ ಯಾವ ಬುಕಿಂಗೂ ಸಾಧ್ಯವಿಲ್ಲ. ಖಚಿತವೇ?"

"ಸರಿಯಾಗೇ ಕೇಳ್ತಿದೆ. ಒತ್ತು."

ನನ್ನ ಕೈಲಾಗಲಿಲ್ಲ. ಒಂದು ತಿಂಗಳಿನಿಂದ ಈ ಸೈಟಿನಲ್ಲಿ ಎಷ್ಟು ಗುಂಡಿ ಒತ್ತಿದ್ದೇನೋ ಲೆಕ್ಕವಿಲ್ಲ, ಇದೊಂದನ್ನು ಒತ್ತಲಾಗಲಿಲ್ಲ. "ನೀನೇ ಒತ್ತು ಅಕ್ಕ," ಅಂದೆ.

ಅವಳು ಫೋನನ್ನು ಮುಖದ ಹತ್ತಿರ ತಂದು, ದೂರ ಒಯ್ದು, ಓರೆ ಮಾಡಿ ನೋಡಿದಳು. ಆ ಕಿಂಡಿಯೊಳಗೆ ಗುಂಡಿ ಸಿಗಬೇಕಲ್ಲ. ಬೆರಳು ಪರದೆಯ ಮೇಲೆ ಅಲ್ಲಿ ಇಲ್ಲಿ ಅಲೆಯಿತು. ನಾನು ಅವಳ ಮಣಿಕಟ್ಟು ಹಿಡಿದು, ಬೆರಳನ್ನು ಗುಂಡಿಯ ನೇರಕ್ಕೆ ತಂದು ನಿಲ್ಲಿಸಿದೆ. ಅಷ್ಟೇ ನಾನು ಮಾಡಿದ್ದು. ಒತ್ತಿದವಳು ಅವಳೇ.

ಕ್ಯಾಲೆಂಡರ್ ತೆರೆದು ಆಗಸ್ಟಿಗೆ ಹೋದೆ. 'ಮುಂದಿನ ತಿಂಗಳು' ಎಂಬ ಬಾಣ ಇರಲಿಲ್ಲ.

"ಆಯ್ತಲ್ಲ," ಅಂದಳು. "ನಡಿ, ಎಂಟು ಗಂಟೆಯವರು ಕಾಯ್ತಿರ್ತಾರೆ."

ವೃತ್ತದ ಹತ್ತಿರ ಬಸ್ಸುಗಳ ಜಾತ್ರೆ. ಬದಿಯಿಂದ ಬರುವುದನ್ನೆಲ್ಲ ಅವಳಿಗೆ ಹೇಳುತ್ತ ಹೋದೆ. ಎಡಗಡೆ ಸೈಕಲ್ಲು, ಬಲಗಡೆ ಹಾಲಿನ ವ್ಯಾನು, ಅದರ ಹಿಂದೆ ಒಬ್ಬ ಮುದುಕ, ದಾಟಲೋ ಬೇಡವೋ ಅಂತ ನಿಂತಿದ್ದಾನೆ, ಬಿಟ್ಟೆ, ದಾಟಿದ. ಅವಳು ಮೊದಮೊದಲು ಹೂಂ ಅನ್ನುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ನಿದ್ದೆ ಬಂತೇನೋ ಅಂದುಕೊಂಡೆ.

ಮೈದಾನದಲ್ಲಿ ನಿಲ್ಲಿಸಿ ನೋಡಿದರೆ ಎಚ್ಚರವಾಗಿಯೇ ಇದ್ದಳು. ಪಾಠದ ಕಾರಲ್ಲವೇ, ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಯಾವಾಗಲೂ ಅದರ ಮೇಲೇ ಇರುವ ಅವಳ ಕಾಲು ಇವತ್ತು ಅಲ್ಲಿರಲಿಲ್ಲ. ಚಪ್ಪಲಿ ಕೆಳಗೆ ಬಿಟ್ಟು, ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಮನೆಯ ಜಗಲಿಯಲ್ಲಿ ಕೂತ ಹಾಗೆ ಕೂತಿದ್ದಳು. ಯಾವಾಗಿನಿಂದ ಹಾಗೆ ಕೂತಿದ್ದಳೋ ನಾನು ಗಮನಿಸಿಲ್ಲ. ಕಾಲು ಜೋಮು ಹಿಡಿದಿರಬೇಕು.